ಶಿಲ್ಲಿಂಗ್ ಕಾಫಿ, ಶಿಲ್ಲಿಂಗ್ ಮಸಾಲೆ: ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಕಂಪನಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಲ್ಲಿಂಗ್ ಅಂದರೆ ಯಾವ ಕಂಪನಿ?

‘ಎ. ಶಿಲ್ಲಿಂಗ್ ಅಂಡ್ ಕಂಪನಿ’ 1881ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯಿತು. ಕಾಫಿ, ಟೀ, ಮಸಾಲೆ ಪದಾರ್ಥ, ಬೇಕಿಂಗ್ ಪೌಡರ್, ವೆನಿಲ್ಲಾದಂಥ ಎಸೆನ್ಸ್‌ಗಳು ಅದರ ಸರಕು. ಅಮೆರಿಕದ ಪಶ್ಚಿಮ ಭಾಗದಲ್ಲಿ ಮೂರು ನಾಲ್ಕು ತಲೆಮಾರಿನ ಅಡುಗೆಮನೆಗಳಲ್ಲಿ ಅದರ ಡಬ್ಬಿ ಇತ್ತು. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಹಳೇ ಸಾಮಾನಿನ ಅಂಗಡಿಗಳಲ್ಲಿ ಈ ಹೆಸರು ನೋಡಿರುತ್ತಾರೆ. ಈಗ ಅಂಗಡಿ ಕಪಾಟಿನಲ್ಲಿ ಇದು ಸಿಗುವುದಿಲ್ಲ. ಯಾಕೆ ಎಂಬುದನ್ನು ಮುಂದೆ ನೋಡೋಣ.

ಕಟ್ಟಿದವರು ಯಾರು?

ಇಬ್ಬರು ಜರ್ಮನ್ ವಲಸಿಗರು: ಆಗಸ್ಟ್ ಶಿಲ್ಲಿಂಗ್ ಮತ್ತು ಜಾರ್ಜ್ ವೋಲ್ಕ್‌ಮನ್. ಇಬ್ಬರದ್ದೂ ಬ್ರೆಮೆನ್ ಊರು. 1870ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಬಂದ ಕೂಡಲೇ ಅವರು ಕಂಪನಿ ತೆರೆಯಲಿಲ್ಲ. ಜೇಮ್ಸ್ ಫೋಲ್ಜರ್ ಎಂಬಾತನ ಕಾಫಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಶಿಲ್ಲಿಂಗ್ ಆಫೀಸಿನ ಹುಡುಗನಾಗಿ ಸೇರಿ, ಮೇಲಕ್ಕೆ ಬಂದು, ಕೊನೆಗೆ ಪಾಲುದಾರನೇ ಆದ. ಕೆಲವು ವರ್ಷ ಆ ಕಂಪನಿಯ ಹೆಸರೇ ‘ಫೋಲ್ಜರ್, ಶಿಲ್ಲಿಂಗ್ ಅಂಡ್ ಕಂಪನಿ’ ಎಂದಿತ್ತು. ಸುಮಾರು ಹತ್ತು ವರ್ಷ ಕಸುಬು ಕಲಿತ ಮೇಲೆ ಇಬ್ಬರೂ ಹೊರಗೆ ಬಂದು ತಮ್ಮದೇ ವ್ಯವಹಾರ ಆರಂಭಿಸಿದರು.

ಈ ಹತ್ತು ವರ್ಷವನ್ನು ಜನ ಬೇಗ ದಾಟಿಬಿಡುತ್ತಾರೆ. ವಲಸಿಗರ ಕಥೆ ಹೇಳುವಾಗ ಬರಿಗೈಯಲ್ಲಿ ಬಂದರು, ಸಾಹುಕಾರರಾದರು ಎಂದು ಮುಗಿಸುವ ರೂಢಿಯಿದೆ. ನನ್ನ ಪ್ರಕಾರ ನಡುವಿನ ಈ ದುಡಿಮೆಯ ಕಾಲವೇ ಎಲ್ಲಕ್ಕಿಂತ ದೊಡ್ಡದು. ಯಾವ ಹಡಗಿನಲ್ಲಿ ಯಾವ ಕಾಳು ಬರುತ್ತದೆ, ಯಾವ ವರ್ತಕ ಮಾತಿಗೆ ನಿಲ್ಲುತ್ತಾನೆ, ಎಷ್ಟು ಹುರಿದರೆ ಹದ, ಎಷ್ಟಕ್ಕೆ ಕರಕಲು ಎಂಬುದನ್ನು ಇನ್ನೊಬ್ಬರ ಕಾರ್ಖಾನೆಯಲ್ಲಿ ನಿಂತು ಕಲಿತವರು ಇವರು.

ಬ್ರೆಮೆನ್‌ನಿಂದ ಅಷ್ಟು ದೂರ ಯಾಕೆ ಹೋದರು?

ಬ್ರೆಮೆನ್ ವರ್ತಕರ ಊರು. ಕಾಫಿ, ತಂಬಾಕು, ಹತ್ತಿ ಇಳಿಯುತ್ತಿದ್ದ ಬಂದರು. ಅದೇ ಊರಿನವರು 1827ರಲ್ಲಿ ನದಿಯ ಬಾಯಿಯಲ್ಲಿ ಕಟ್ಟಿದ ಬ್ರೆಮರ್‌ಹಾವೆನ್‌ನಿಂದ ಲಕ್ಷಾಂತರ ಜನ ಅಮೆರಿಕಕ್ಕೆ ಹಡಗು ಹತ್ತಿದರು. ಹೊರಡುವ ದಾರಿ ಮನೆ ಬಾಗಿಲಲ್ಲೇ ಇತ್ತು ಅನ್ನಬಹುದು.

ತಲುಪುವ ದಾರಿಯೂ ಅದೇ ಹೊತ್ತಿಗೆ ಸಲೀಸಾಗಿತ್ತು. 1869ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ–ಪಶ್ಚಿಮಗಳನ್ನು ಜೋಡಿಸುವ ರೈಲು ಮಾರ್ಗ ಪೂರ್ಣವಾಯಿತು. ಅದಕ್ಕೂ ಮುಂಚೆ ಸ್ಯಾನ್ ಫ್ರಾನ್ಸಿಸ್ಕೋ ಸೇರಲು ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿಬರಬೇಕಿತ್ತು, ಪನಾಮಾ ಭೂಸಂಧಿಯನ್ನು ದಾಟಬೇಕಿತ್ತು, ಇಲ್ಲವೇ ಗಾಡಿಗಳಲ್ಲಿ ಇಡೀ ಖಂಡವನ್ನು ಹಾಯ್ದು ಬರಬೇಕಿತ್ತು. ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆ ಅಷ್ಟೊತ್ತಿಗೆ ತಣ್ಣಗಾಗಿತ್ತು. ಆದರೆ ಅದಕ್ಕೆಂದು ಬಂದ ಜನ ಅಲ್ಲೇ ನೆಲೆಸಿದ್ದರು, ಅವರಿಗೆ ದಿನಸಿ ಬೇಕಿತ್ತು.

ಕಾಫಿಗೂ ಮಸಾಲೆಗೂ ಏನು ಸಂಬಂಧ? ಎರಡನ್ನೂ ಒಂದೇ ಕಂಪನಿ ಯಾಕೆ ಮಾಡುತ್ತಿತ್ತು?

ಮಲೆನಾಡಿನವರು, ಕೊಡಗಿನವರು ಈ ಪ್ರಶ್ನೆ ಕೇಳಲಾರರು. ಅವರ ತೋಟದಲ್ಲಿ ಕಾಫಿ ಗಿಡ ಕೆಳಗೆ, ನೆರಳಿನ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇವೆರಡನ್ನು ಸೇರಿಸಿದ್ದು ತೋಟವಲ್ಲ, ಯಂತ್ರ.

ಎರಡೂ ಉಷ್ಣವಲಯದ ಬೆಳೆ, ಎರಡೂ ಹಡಗಿನಲ್ಲಿ ಮೂಟೆಗಟ್ಟಲೆ ಕಚ್ಚಾ ರೂಪದಲ್ಲಿ ಬರುತ್ತವೆ. ಕಲ್ಲು, ಕಡ್ಡಿ, ಧೂಳು ತೆಗೆದು ಹಸನು ಮಾಡಬೇಕು. ಒಂದನ್ನು ಹುರಿಯಬೇಕು, ಎರಡನ್ನೂ ಬೀಸಬೇಕು, ಗಾಳಿಯಾಡದಂತೆ ಕಟ್ಟಬೇಕು, ಅದೇ ದಿನಸಿ ಅಂಗಡಿಗೆ ಕಳಿಸಬೇಕು. ಬೀಸುವುದಕ್ಕೆ ಉಗಿ ಯಂತ್ರ ಹಾಕಿದವನು ಕಾಫಿ ಮುಗಿದ ಮೇಲೆ ಅದನ್ನು ಸುಮ್ಮನೆ ನಿಲ್ಲಿಸುತ್ತಾನೆಯೇ? ಆದ್ದರಿಂದ ಅಂದಿನ ಕಾರ್ಖಾನೆಗಳ ಹೆಸರಲ್ಲೇ ಜೋಡಿಯಿರುತ್ತಿತ್ತು. ಫೋಲ್ಜರ್ ಹದಿಹರೆಯದಲ್ಲಿ ಕೆಲಸಕ್ಕೆ ಸೇರಿದ್ದು 1850ರಲ್ಲಿ ವಿಲಿಯಂ ಬೋವಿ ಆರಂಭಿಸಿದ ‘ಪಯೋನಿಯರ್ ಸ್ಟೀಮ್ ಕಾಫಿ ಅಂಡ್ ಸ್ಪೈಸ್ ಮಿಲ್ಸ್’ನಲ್ಲಿ. ಅದೇ ಊರಿನ ಇನ್ನೊಂದು ಕಾಫಿ ವ್ಯಾಪಾರದ ಹಿಲ್ಸ್ ಸಹೋದರರ ಅಂಗಡಿ ‘ಅರೇಬಿಯನ್ ಕಾಫಿ ಅಂಡ್ ಸ್ಪೈಸ್ ಮಿಲ್ಸ್’.

ಹುರಿಯುವ ಯಂತ್ರದ ಬಗ್ಗೆ ಒಂದು ಮಾತು. ಹಳೆಯ ಕಾಲದ ಡ್ರಮ್ಮಿನಲ್ಲಿ ಕಾಫಿ ಹದಕ್ಕೆ ಬಂದ ಮೇಲೆ ಇಡೀ ಡ್ರಮ್ಮನ್ನೇ ಬೆಂಕಿಯ ಮೇಲಿಂದ ಎಳೆದು ಬೋರಲು ಹಾಕಬೇಕಿತ್ತು. ಅಷ್ಟರೊಳಗೆ ಕೊನೆಯ ಕಾಳು ಕರಕಲು. 1864ರಲ್ಲಿ ನ್ಯೂಯಾರ್ಕಿನ ಜೇಬೆಜ್ ಬರ್ನ್ಸ್ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. ಡ್ರಮ್ಮಿನ ಒಳಗೆ ಎರಡು ತಿರುಪು ಪಟ್ಟಿಗಳು ಕಾಳನ್ನು ಹಿಂದೆ ಮುಂದೆ ತಳ್ಳುತ್ತಲೇ ಇರುತ್ತವೆ. ಮುಂಬಾಗಿಲು ತೆರೆದರೆ ಡ್ರಮ್ಮು ತಿರುಗುತ್ತಿರುವಂತೆಯೇ ಕಾಫಿ ತಾನಾಗಿ ಹೊರಕ್ಕೆ ಸುರಿಯುತ್ತದೆ. ಪ್ರತಿ ಸಲವೂ ಒಂದೇ ಹದ. ಒಂದೇ ಹೆಸರಿನಲ್ಲಿ ಊರೂರಿಗೆ ಕಾಫಿ ಮಾರಲು ಸಾಧ್ಯವಾದದ್ದು ಇಂಥ ಯಂತ್ರ ಬಂದ ಮೇಲೆ. ಈ ಬರ್ನ್ಸ್ ಕೂಡ ಲಂಡನ್ನಿನಲ್ಲಿ ಹುಟ್ಟಿ ವಲಸೆ ಬಂದವನು.

ಸರಕು ಎಲ್ಲಿಂದ ಬರುತ್ತಿತ್ತು? ನಮ್ಮ ಕಡೆಯ ಕಾಫಿ, ಮೆಣಸು ಅಲ್ಲಿಗೆ ಹೋಗುತ್ತಿತ್ತೇ?

ಸ್ಯಾನ್ ಫ್ರಾನ್ಸಿಸ್ಕೋ ಪೆಸಿಫಿಕ್ ಸಾಗರದ ಬಂದರು. ಅದಕ್ಕೆ ಹತ್ತಿರದ ಕಾಫಿ ಗ್ವಾಟೆಮಾಲ, ಎಲ್ ಸಾಲ್ವಡಾರ್, ಕೋಸ್ಟರಿಕಾದ್ದು. ನ್ಯೂಯಾರ್ಕಿನ ವ್ಯಾಪಾರಿಗಳು ಬ್ರೆಜಿಲ್ ಕಾಫಿಯನ್ನು ನಂಬಿದ್ದಾಗ ಪಶ್ಚಿಮದವರು ಮಧ್ಯ ಅಮೆರಿಕದ ಕಾಫಿಗೆ ಒಗ್ಗಿಕೊಂಡರು. ಗ್ವಾಟೆಮಾಲದ ಎಷ್ಟೋ ತೋಟಗಳು ಜರ್ಮನ್ನರ ಕೈಯಲ್ಲಿದ್ದವು, ಅಲ್ಲಿನ ಒಳ್ಳೆಯ ಕಾಳು ಬಹುಮಟ್ಟಿಗೆ ಯುರೋಪಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಆ ಸಮುದ್ರದಾರಿ ಮುಚ್ಚಿದಾಗ ಸರಕು ಸ್ಯಾನ್ ಫ್ರಾನ್ಸಿಸ್ಕೋ ಕಡೆ ತಿರುಗಿತು, ಯುದ್ಧ ಮುಗಿದ ಮೇಲೂ ಅಲ್ಲಿನ ವ್ಯಾಪಾರ ಕುಗ್ಗಲಿಲ್ಲ.

ಮಸಾಲೆಯದ್ದು ಬೇರೆ ದಾರಿ. ಮೆಣಸು ಸಿಂಗಾಪುರ, ಪೆನಾಂಗ್‌ಗಳ ಮೂಲಕ, ಚಕ್ಕೆ ಚೀನಾ ಮತ್ತು ಸೈಗಾನ್‌ನಿಂದ, ಲವಂಗ ಜಾಂಜಿಬಾರ್‌ನಿಂದ, ವೆನಿಲ್ಲಾ ಟಹೀಟಿ ದ್ವೀಪದಿಂದ. ಮಲಬಾರ್ ಕರಾವಳಿಯ ಮೆಣಸಿಗೆ ಲೋಕದಲ್ಲಿ ಹೆಸರಿತ್ತು, ತಲಶ್ಶೇರಿ ಮೆಣಸು ಇಂದಿಗೂ ಅಮೆರಿಕದ ಅಂಗಡಿಗಳಲ್ಲಿ ಆ ಊರಿನ ಹೆಸರಲ್ಲೇ ಮಾರಾಟವಾಗುತ್ತದೆ. ಆದರೆ ಆ ಕಾಲದಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದ ಮೆಣಸಿನಲ್ಲಿ ದೊಡ್ಡ ಪಾಲು ಸುಮಾತ್ರಾದ್ದು. ಮೈಸೂರು, ಕೊಡಗಿನ ಕಾಫಿಗೆ ಯುರೋಪೇ ಮಾರುಕಟ್ಟೆ. ಶಿಲ್ಲಿಂಗ್ ಡಬ್ಬಿಯಲ್ಲಿ ನಮ್ಮೂರ ಕಾಫಿ ಇತ್ತು ಎಂದು ಹೆಮ್ಮೆಪಡಲು ಆಧಾರವಿಲ್ಲ.

ಕಾಫಿಯ ರುಚಿಯನ್ನು ಹೇಗೆ ನೋಡುತ್ತಿದ್ದರು?

ಮೊದಲು ಯಾರೂ ರುಚಿ ನೋಡುತ್ತಲೇ ಇರಲಿಲ್ಲ ಎಂದರೆ ಆಶ್ಚರ್ಯವಾದೀತು. ಹಸಿ ಕಾಳಿನ ಗಾತ್ರ, ಬಣ್ಣ ನೋಡಿ ಬೆಲೆ ಕಟ್ಟುತ್ತಿದ್ದರು. ದಪ್ಪ ಕಾಳಿಗೆ ಹೆಚ್ಚು, ಸಣ್ಣ ಕಾಳಿಗೆ ಕಡಿಮೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಲ್ಲಾಳಿ ಕ್ಲಾರೆನ್ಸ್ ಬಿಕ್‌ಫರ್ಡ್ ಬಟ್ಟಲಿಗೆ ಹಾಕಿ ಕುಡಿದು ನೋಡುವ ಕ್ರಮ ತಂದ. ಎತ್ತರದ ಗುಡ್ಡಗಳಲ್ಲಿ ಬೆಳೆದ ಗ್ವಾಟೆಮಾಲದ ಸಣ್ಣ ಕಾಳಿನ ಬೆಲೆ ಗೊತ್ತಾದದ್ದು ಆಗ.

ತಿರುಗುವ ಒಂದು ದುಂಡು ಮೇಜು. ಅಂಚಿನಲ್ಲಿ ಸಾಲಾಗಿ ಬಟ್ಟಲು, ಪ್ರತಿಯೊಂದರಲ್ಲೂ ತೂಗಿ ಹಾಕಿದ ಅಷ್ಟೇ ಪುಡಿ, ಹಿಂದೆ ತಟ್ಟೆಯಲ್ಲಿ ಅದೇ ಕಾಫಿಯ ಕಾಳು. ಕುದಿಯುವ ನೀರು ಹೊಯ್ದ ಮೇಲೆ ಪುಡಿಯೆಲ್ಲ ಮೇಲೆ ತೇಲಿ ಕೆನೆಯಂತೆ ಕಟ್ಟುತ್ತದೆ. ರುಚಿ ನೋಡುವವನು ಮೂಗನ್ನು ಬಟ್ಟಲಿಗೆ ತಾಗುವಷ್ಟು ಬಗ್ಗಿಸಿ ಚಮಚದಿಂದ ಆ ಪದರ ಒಡೆಯುತ್ತಾನೆ. ಆಗ ಬರುವ ಆವಿಯಲ್ಲೇ ಅರ್ಧ ತೀರ್ಪು. ಸ್ವಲ್ಪ ಆರಿದ ಮೇಲೆ ಚಮಚ ತುಂಬಾ ತೆಗೆದು ಸೊರ್ರೆಂದು ಎಳೆದುಕೊಂಡು, ನಾಲಿಗೆಯ ಮೇಲೆಲ್ಲ ಹರಡಿ, ಪಕ್ಕದ ಪೀಕದಾನಿಗೆ ಉಗಿದು, ಮೇಜು ತಿರುಗಿಸಿ ಮುಂದಿನ ಬಟ್ಟಲಿಗೆ. ಇಂದಿಗೂ ಬೆಂಗಳೂರಿನ ಕಾಫಿ ಬೋರ್ಡಿನಲ್ಲಾಗಲಿ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಾಗಲಿ ಕೆಲಸ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ.

‘ಶಿಲ್ಲಿಂಗ್ಸ್ ಬೆಸ್ಟ್’ ಅಷ್ಟು ಹೆಸರು ಮಾಡಿದ್ದು ಹೇಗೆ?

‘ಶಿಲ್ಲಿಂಗ್ಸ್ ಬೆಸ್ಟ್’ ಎಂಬುದು ಕಂಪನಿ ತನ್ನ ಸರಕಿಗೆ ಇಟ್ಟ ಹೆಸರು. ಅದು ಹೆಸರು ಮಾಡಿದ ಬಗೆ ತಿಳಿಯಲು ಆ ಕಾಲದ ಕಲಬೆರಕೆ ಗೊತ್ತಿರಬೇಕು.

ಇಡೀ ಮೆಣಸಿನ ಕಾಳನ್ನು ಕೊಂಡವರಿಗೆ ಮೋಸ ಮಾಡುವುದು ಕಷ್ಟ. ಪುಡಿಯಾದ ಮೇಲೆ ಕಣ್ಣಿಗೆ ಏನೂ ತಿಳಿಯದು. 1880ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ರಸಾಯನ ವಿಭಾಗ, ಹಾರ್ವೆ ವೈಲಿ ಮುಂದಾಳತ್ವದಲ್ಲಿ, ಆಹಾರ ಕಲಬೆರಕೆಯ ಮೇಲೆ ಸರಣಿ ವರದಿಗಳನ್ನು ತಂದಿತು. ಮೆಣಸಿನ ಪುಡಿಯಲ್ಲಿ ಗೋಧಿ ಬಿಸ್ಕತ್ತಿನ ಚೂರು, ತೆಂಗಿನ ಚಿಪ್ಪಿನ ಪುಡಿ, ಧಾನ್ಯದ ಹೊಟ್ಟು. ಕಾಫಿಯಲ್ಲಿ ಚಿಕೋರಿ, ಹುರಿದ ಬಟಾಣಿ, ಧಾನ್ಯ. ಮಸಾಲೆಗೆ ಬೆರೆಸಲೆಂದೇ ಸಾಮಾನು ತಯಾರಿಸಿ ಕೊಡುವ ವರ್ತಕರೂ ಇದ್ದರು. ನಮ್ಮಲ್ಲಿ ಮೆಣಸಿಗೆ ಪರಂಗಿ ಬೀಜ, ಖಾರದ ಪುಡಿಗೆ ಇಟ್ಟಿಗೆ ಪುಡಿ ಬೆರೆಸುವ ಸುದ್ದಿ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಗ್ಗಕ್ಕೆ ಮಾರುವವನ ಜೊತೆ ಅಸಲಿ ಮಾರುವವನು ಬೆಲೆಯಲ್ಲಿ ಗೆಲ್ಲಲಾರ. ಶಿಲ್ಲಿಂಗ್ ಕಂಪನಿ ಹಿಡಿದ ದಾರಿ ಹಣ ವಾಪಸ್. ನಮ್ಮ ಸರಕು ಹಿಡಿಸದಿದ್ದರೆ ನಿಮ್ಮ ಅಂಗಡಿಯವನೇ ದುಡ್ಡು ಹಿಂದಿರುಗಿಸುತ್ತಾನೆ, ಅವನಿಗೆ ನಾವು ಕೊಡುತ್ತೇವೆ ಎಂದು ಪತ್ರಿಕೆಗಳಲ್ಲಿ ಎಡೆಬಿಡದೆ ಜಾಹೀರಾತು ಕೊಟ್ಟರು. ಪುಟ್ಟ ಪುಟ್ಟ ಜಾಹೀರಾತು, ನಾಲ್ಕೈದು ಸಾಲು, ಸರಳ ಮಾತು. 1897ರಲ್ಲಿ ಟೀ ಪೊಟ್ಟಣದೊಳಗೆ ಹಳದಿ ಚೀಟಿ ಇಟ್ಟು, ವಾಕ್ಯವೊಂದರಲ್ಲಿ ಬಿಟ್ಟ ಪದವನ್ನು ಊಹಿಸುವ ಬಹುಮಾನದ ಸ್ಪರ್ಧೆಯನ್ನೂ ನಡೆಸಿದರು.

ಸ್ಪರ್ಧೆ ಗಿರಾಕಿಗಳನ್ನು ಸೆಳೆಯುವ ಉಪಾಯ. ಹಣ ವಾಪಸ್ ಅದಕ್ಕಿಂತ ಗಂಭೀರ ವಿಷಯ. ಕಲಬೆರಕೆ ತಡೆಯಲು, ಲೇಬಲ್ಲಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನಿಲ್ಲ. ಅಂಥ ಹೊತ್ತಿನಲ್ಲಿ ಒಂದು ಮನೆತನದ ಹೆಸರನ್ನು ಡಬ್ಬಿಯ ಮೇಲೆ ಅಚ್ಚು ಹಾಕಿ, ನಷ್ಟದ ಹೊಣೆಯನ್ನು ಗಿರಾಕಿಯ ತಲೆಯಿಂದ ಇಳಿಸಿ ತಾನು ಹೊರುವುದು ಸಣ್ಣ ಮಾತಲ್ಲ. ಹತ್ತರಲ್ಲಿ ಎರಡು ಡಬ್ಬಿ ಹಿಂದೆ ಬಂದರೂ ಕಂಪನಿ ಮುಳುಗುತ್ತಿತ್ತು. ಆ ಕಂಪನಿಯ ಬಗ್ಗೆ ನನಗೆ ಗೌರವ ಮೂಡಿದ್ದು ಈ ಕಾರಣಕ್ಕೆ. ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಬಂದದ್ದು 1906ರ ಜೂನ್ 30ಕ್ಕೆ, ಶಿಲ್ಲಿಂಗ್ ವ್ಯಾಪಾರ ಶುರುವಾಗಿ ಕಾಲು ಶತಮಾನ ಕಳೆದ ಮೇಲೆ.

ಹಾಗಾದರೆ ಚಿಕೋರಿ ಕಲಬೆರಕೆಯೇ? ನಾವು ಫಿಲ್ಟರ್ ಕಾಫಿಗೆ ಹಾಕುತ್ತೇವಲ್ಲ?

ಹೇಳಿ ಹಾಕಿದರೆ ಮಿಶ್ರಣ, ಹೇಳದೆ ಹಾಕಿದರೆ ಮೋಸ. 1906ರ ಅಮೆರಿಕದ ಕಾಯ್ದೆಯ ನಿಲುವೂ ಅದೇ, ಇಂದಿನ ಭಾರತದ ನಿಯಮವೂ ಅದೇ. ನಮ್ಮಲ್ಲಿ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51 ಶೇಕಡಾ ಕಾಫಿ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು. ಮನೆಯಲ್ಲೇ ನೋಡಬೇಕೆಂದರೆ ಒಂದು ಲೋಟ ತಣ್ಣೀರಿನ ಮೇಲೆ ಪುಡಿ ಉದುರಿಸಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಬೇಗ ಮುಳುಗುತ್ತಾ ಹಿಂದೆ ಕಂದು ಗೆರೆ ಬಿಡುತ್ತದೆ.

ಅಂದಿನ ಪ್ರತಿಸ್ಪರ್ಧಿಗಳು ಯಾರು?

ಹಳೆಯ ಯಜಮಾನ ಫೋಲ್ಜರ್, ಮೇಯ್ನ್ ರಾಜ್ಯದಿಂದ ಬಂದ ಹಿಲ್ಸ್ ಸಹೋದರರು, ಜರ್ಮನ್ ಯಹೂದಿ ವಲಸಿಗರ ಮಗ ಮ್ಯಾಕ್ಸ್ ಬ್ರಾಂಡೆನ್‌ಸ್ಟೈನ್‌ನ ‘ಎಂಜೆಬಿ’. ಎಲ್ಲರೂ ಒಂದೇ ಬಂದರಿನ ಆಸುಪಾಸಿನವರು. ಹಿಲ್ಸ್ ಸಹೋದರರು 1900ರಲ್ಲಿ ಡಬ್ಬಿಯೊಳಗಿನ ಗಾಳಿ ತೆಗೆದು ಮುಚ್ಚುವ ಕ್ರಮವನ್ನು ಕಾಫಿಗೆ ತಂದರು. ಹುರಿದ ಕಾಫಿ ಹಳಸುವುದು ಗಾಳಿಯಿಂದ, ಆದ್ದರಿಂದ ಇದು ದೊಡ್ಡ ತಿರುವು. ಮುಂದೆ ಪಶ್ಚಿಮದ ಕಂಪನಿಗಳೆಲ್ಲ ಅದೇ ದಾರಿ ಹಿಡಿದವು. ಶಿಲ್ಲಿಂಗ್ ಕಾಫಿಯೂ ಕೀಲಿ ತಿರುವಿ ತೆರೆಯುವ ತಗಡಿನ ಡಬ್ಬಿಯಲ್ಲಿ ಬರತೊಡಗಿತು. ಪುಟ್ಟ ಕೀಲಿಯ ಸೀಳಿಗೆ ತಗಡಿನ ನಾಲಿಗೆ ಸಿಕ್ಕಿಸಿ ತಿರುವುತ್ತಾ ಹೋದರೆ ಪಟ್ಟಿ ಸುರುಳಿಯಾಗಿ ಬಿಚ್ಚಿಕೊಂಡು, ಬುಸ್ಸೆಂದು ಗಾಳಿ ನುಗ್ಗಿ, ಮುಚ್ಚಳ ಕೈಗೆ ಬರುತ್ತಿತ್ತು.

ಯಾವ ವಲಸಿಗನಾದರೂ ಹೀಗೆ ಬೆಳೆಯಬಹುದಿತ್ತೇ?

ಇಲ್ಲ. ವಲಸಿಗರ ಸಾಧನೆ ಎಂದು ಈ ಕಥೆಯನ್ನು ಹೊಗಳುವವರು ಇದನ್ನೂ ಜೊತೆಗೆ ಹೇಳಬೇಕು.

ಶಿಲ್ಲಿಂಗ್ ಕಂಪನಿ ಶುರುವಾದ ಮರುವರ್ಷ, 1882ರಲ್ಲಿ, ಅಮೆರಿಕ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಆ ಕೂಗು ಎಲ್ಲಕ್ಕಿಂತ ಜೋರಾಗಿತ್ತು. ಟೀ, ಚಕ್ಕೆ ತರುವ ಹಡಗು ಬರಬಹುದಿತ್ತು, ಆ ಚಕ್ಕೆ ಬೆಳೆದ ನಾಡಿನ ಕೂಲಿಯವನು ಬರುವಂತಿರಲಿಲ್ಲ. 1913ರ ಕ್ಯಾಲಿಫೋರ್ನಿಯಾ ಕಾನೂನು ಪೌರತ್ವಕ್ಕೆ ಅರ್ಹರಲ್ಲದ ಏಷ್ಯನ್ನರು ಕೃಷಿಭೂಮಿ ಕೊಳ್ಳದಂತೆ ತಡೆಯಿತು. 1917ರ ಕಾಯ್ದೆ ಭಾರತವನ್ನೂ ಸೇರಿಸಿ ಏಷ್ಯಾದ ಬಹುಭಾಗದಿಂದ ವಲಸೆ ನಿಲ್ಲಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಭಾರತೀಯ ವಲಸಿಗನ (ಸ್ವಾತಂತ್ರ್ಯ ಹೋರಾಟಗಾರ ಭಗತ್ ಸಿಂಗ್ ಬೇರೆ) ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಸಲ್ಲದು ಎಂದಿತು. 1946ರಲ್ಲಿ ಸ್ವಲ್ಪ ಸಡಿಲವಾಯಿತು. ನಿಜಕ್ಕೂ ಬಾಗಿಲು ತೆರೆದದ್ದು 1965ರ ಕಾಯ್ದೆಯಿಂದ. ಇಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ಇಷ್ಟು ಕನ್ನಡದ ಮನೆಗಳಿರುವುದು ಅದರ ನಂತರದ ಮಾತು.

ಬ್ರೆಮೆನ್‌ನ ಹುಡುಗರು ದುಡಿದರು, ಕಲಿತರು, ಧೈರ್ಯ ಮಾಡಿದರು. ಅದೇ ವಯಸ್ಸಿನ, ಅದೇ ಜಾಣ್ಮೆಯ ಚೀನಾದ ಕ್ಯಾಂಟನ್ನಿನ ಹುಡುಗನಿಗೂ ಮಂಗಳೂರಿನ ಹುಡುಗನಿಗೂ ಅಂದಿನ ಕಾನೂನು ಅದೇ ಮೆಟ್ಟಿಲನ್ನು ಕೊಡಲಿಲ್ಲ.

ಕಂಪನಿ ಯಾರ ಕೈಗೆ ಹೋಯಿತು?

1947ರಲ್ಲಿ ಬಾಲ್ಟಿಮೋರ್‌ನ ಮೆಕಾರ್ಮಿಕ್ ಕಂಪನಿ ಅದನ್ನು ಕೊಂಡುಕೊಂಡಿತು. ವಿಲ್ಲೋಬಿ ಮೆಕಾರ್ಮಿಕ್ 1889ರಲ್ಲಿ, 25ರ ವಯಸ್ಸಿನಲ್ಲಿ, ಮನೆಮನೆಗೆ ಎಸೆನ್ಸ್ ಮಾರುತ್ತಾ ಆರಂಭಿಸಿದ ಕಂಪನಿ ಅದು. 1904ರ ಬಾಲ್ಟಿಮೋರ್ ಅಗ್ನಿ ದುರಂತದಲ್ಲಿ ಕಟ್ಟಡವೆಲ್ಲ ಸುಟ್ಟು ಮತ್ತೆ ಎದ್ದಿತ್ತು. ಕೊಳ್ಳುವ ಹೊತ್ತಿಗೆ ಯಜಮಾನಿಕೆ ಆತನ ಸೋದರನ ಮಗ ಚಾರ್ಲ್ಸ್ ಮೆಕಾರ್ಮಿಕ್‌ನದ್ದು. 1932ರ ಆರ್ಥಿಕ ಕುಸಿತದ ನಡುವೆ ಅಧಿಕಾರಕ್ಕೆ ಬಂದು, ಕೆಲಸಗಾರರ ಸಂಬಳ ಏರಿಸಿ, ಕೆಲಸದ ಅವಧಿ ಇಳಿಸಿದವನು ಈತ.

ಮೆಕಾರ್ಮಿಕ್‌ಗೆ ಪೂರ್ವ ಕರಾವಳಿಯಲ್ಲಿ ಹಿಡಿತವಿತ್ತು, ಪಶ್ಚಿಮದಲ್ಲಿ ಇರಲಿಲ್ಲ. ಶಿಲ್ಲಿಂಗ್‌ಗೆ ನೇರ ಉಲ್ಟಾ. ಎರಡೂ ಸೇರಿದಾಗ ಕಂಪನಿ ದೇಶದ ಒಂದು ತೀರದಿಂದ ಇನ್ನೊಂದು ತೀರದವರೆಗೆ ಹಬ್ಬಿತು.

ಹೆಸರು ಯಾವಾಗ ಮಾಯವಾಯಿತು?

ತಕ್ಷಣ ಅಲ್ಲ. ಪಶ್ಚಿಮದ ಜನ ಶಿಲ್ಲಿಂಗ್ ಅಂತಲೇ ಕೇಳುತ್ತಿದ್ದರಿಂದ ಮೆಕಾರ್ಮಿಕ್ ಆ ಹೆಸರನ್ನು ದಶಕಗಳ ಕಾಲ ಉಳಿಸಿಕೊಂಡಿತು. ಒಂದೇ ಮಸಾಲೆ, ಪೂರ್ವದಲ್ಲಿ ಒಂದು ಹೆಸರು, ಪಶ್ಚಿಮದಲ್ಲಿ ಇನ್ನೊಂದು. ದೇಶಕ್ಕೆಲ್ಲ ಒಂದೇ ಟಿವಿ ಜಾಹೀರಾತು, ಒಂದೇ ಸರಣಿ ಸೂಪರ್ ಮಾರ್ಕೆಟ್ ಎಂದಾದ ಮೇಲೆ ಎರಡು ಹೆಸರು ಸಾಕುವುದು ಖರ್ಚಿನ ಬಾಬತ್ತಾಯಿತು. 20ನೇ ಶತಮಾನ ಮುಗಿಯುವ ಆಸುಪಾಸಿನಲ್ಲಿ ಶಿಲ್ಲಿಂಗ್ ಹೆಸರು ಕಳಚಿ ಬಿತ್ತು. ವ್ಯಾಪಾರದ ಲೆಕ್ಕದಲ್ಲಿ ಸರಿಯಿರಬಹುದು, ಆದರೂ ಹಣ ವಾಪಸ್ ಮಾತಿಗೆ ಜಾಮೀನಾಗಿ ನಿಂತಿದ್ದ ಹೆಸರು ಹೋಗಿದ್ದಕ್ಕೆ ನನಗೆ ಬೇಸರವಿದೆ.

ಮನೆಯಲ್ಲಿ ಹಳೆಯ ಶಿಲ್ಲಿಂಗ್ ಮಸಾಲೆ ಡಬ್ಬಿ ಸಿಕ್ಕಿದೆ. ಬಳಸಬಹುದೇ?

ಡಬ್ಬಿ ಇಟ್ಟುಕೊಳ್ಳಿ, ಪುಡಿ ಚೆಲ್ಲಿ. ಶಿಲ್ಲಿಂಗ್ ಹೆಸರಿದ್ದರೆ ಆ ಮಸಾಲೆ ತೀರಾ ಹಳೆಯದು ಎಂದು ಮೆಕಾರ್ಮಿಕ್ ಕಂಪನಿಯೇ ಗ್ರಾಹಕರಿಗೆ ಹೇಳಿದ್ದುಂಟು. ಒಣ ಪುಡಿ ಸಾಮಾನ್ಯವಾಗಿ ವಿಷವಾಗದು, ಆದರೆ ಘಮ ಕೊಡುವ ಎಣ್ಣೆ ಆರಿಹೋಗಿ ಬರೀ ಹೊಟ್ಟು ಉಳಿದಿರುತ್ತದೆ. ಅಂಗೈಯಲ್ಲಿ ಉಜ್ಜಿ ಮೂಸಿದರೆ ಗೊತ್ತಾಗುತ್ತದೆ. ಯಾವುದೇ ಮಸಾಲೆಗೂ ಇದೇ ಪರೀಕ್ಷೆ. ಖಾಲಿ ಡಬ್ಬಿಗಳನ್ನು ಸಂಗ್ರಹಿಸುವವರಿದ್ದಾರೆ. ತುಕ್ಕು ಹಿಡಿಯದ, ಮುಚ್ಚಳ ಇರುವ ಡಬ್ಬಿಗೆ ಬೆಲೆ ಹೆಚ್ಚು.

ನೋಡಲು ಏನಾದರೂ ಉಳಿದಿದೆಯೇ?

ಆಗಸ್ಟ್ ಶಿಲ್ಲಿಂಗ್ ಮನೆ ಮಾಡಿದ್ದು ಕೊಲ್ಲಿಯ ಆಚೆ, ಓಕ್‌ಲ್ಯಾಂಡಿನ ಮೆರಿಟ್ ಸರೋವರದ ದಂಡೆಯಲ್ಲಿ. ಅವನ ತೋಟದ ಒಂದು ತುಣುಕು ‘ಶಿಲ್ಲಿಂಗ್ ಗಾರ್ಡನ್ಸ್’ ಎಂಬ ಹೆಸರಲ್ಲೇ ಗುರುತಾಗಿದೆ. ಮೆಕಾರ್ಮಿಕ್ ಕಾಲದಲ್ಲಿ ಮಸಾಲೆ ಕಾರ್ಖಾನೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ದಕ್ಷಿಣದ ಸಲಿನಾಸ್ ಊರಿಗೆ ಹೋಗಿತ್ತು. ಕಾರ್ಖಾನೆ ಈಗಿಲ್ಲ, ‘ಶಿಲ್ಲಿಂಗ್ ಪ್ಲೇಸ್’ ಎಂಬ ರಸ್ತೆ ಇದೆ, ಮಾಂಟೆರೆ ಕೌಂಟಿಯ ಕಚೇರಿಗಳು ಅಲ್ಲಿವೆ. ಸ್ಯಾನ್ ಫ್ರಾನ್ಸಿಸ್ಕೋದ ಹೋವರ್ಡ್ ರಸ್ತೆಯಲ್ಲಿ 1906ರ ಭೂಕಂಪ ಮತ್ತು ಬೆಂಕಿಯನ್ನು ತಾಳಿಕೊಂಡ ಫೋಲ್ಜರ್ ಕಟ್ಟಡವಿದೆ. ಶಿಲ್ಲಿಂಗ್ ಅಲ್ಲಿಂದ ಹೊರಟು ಕಾಲು ಶತಮಾನ ಆದ ಮೇಲೆ ಕಟ್ಟಿದ್ದಾದರೂ, ಅಂದಿನ ಕಾಫಿ ವ್ಯಾಪಾರದ ಗಾತ್ರ ತಿಳಿಯಬೇಕೆಂದರೆ ಅದನ್ನು ನೋಡಬೇಕು. ಅಲ್ಲಿಂದ ಸ್ವಲ್ಪ ದೂರ ನಡೆದರೆ ದಂಡೆಯ ಬಳಿ ಹಿಲ್ಸ್ ಸಹೋದರರ ಇಟ್ಟಿಗೆ ಕಟ್ಟಡವೂ ಸಿಗುತ್ತದೆ.